ಜಗಳ ಆಡಲು ಯಾರೂ ಇಲ್ಲದ ಮನೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿನ ಕೆಲವು ವಿವರ ತಪ್ಪಿರಬಹುದು. ನನ್ನ ನೆನಪಿನಲ್ಲಿ ಆ ಊಟದ ಕ್ಯಾರಿಯರಿಗೆ ಮೂರು ಡಬ್ಬಿ. ಅಕ್ಕ ನಾಲ್ಕು ಎನ್ನುತ್ತಾಳೆ. ಗುರುತಿಗೆಂದು ಹಿಡಿಕೆಗೆ ಕಟ್ಟಿದ್ದ ಬಟ್ಟೆಚೂರು ಕೆಂಪು ಎಂದು ಎಲ್ಲಿ ಬೇಕಾದರೂ ಪ್ರಮಾಣ ಮಾಡಬಲ್ಲೆ. ಅಕ್ಕ ಹಸಿರು ಎನ್ನುತ್ತಾಳೆ, ಪ್ರಮಾಣದ ಗೋಜಿಗೇ ಹೋಗದೆ. (ಹಿರಿಯರಿಗೆ ಆ ಸೌಕರ್ಯವಿದೆ.)

ಕ್ಯಾರಿಯರ್ ಇದ್ದದ್ದು ಒಂದೇ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ಈ ವಾರದ ಕತೆಗೆ ಅಷ್ಟು ಸಾಕು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಕ್ಕ ಪಿಯುಸಿ, ನಾನು ಹೈಸ್ಕೂಲು. ಹುಲೇಕಲ್‌ನಲ್ಲಿ ಬಸ್ಸಿಳಿದು ಮತ್ತೆ ಸಾಕಷ್ಟು ನಡೆಯಬೇಕಾದ ಊರು ನಮ್ಮದು. ದಿನಾ ಓಡಾಡಿದರೆ ಓದುವುದು ಯಾವಾಗ ಎಂದು ಶಿರಸಿಯಲ್ಲಿ ಒಂದು ರೂಮು ಮಾಡಿಕೊಟ್ಟರು. ಬೆಳಗಿನ ಬಸ್ಸಿಗೆ ಅಪ್ಪಯ್ಯ ಊಟದ ಕ್ಯಾರಿಯರ್ ಕೊಟ್ಟು ಕಳಿಸುತ್ತಿದ್ದ. ಡ್ರೈವರ್ ಪಕ್ಕದ ಜಾಗದಲ್ಲಿ ಇಂಥ ಕ್ಯಾರಿಯರುಗಳ ಸಾಲೇ ಕೂತಿರುತ್ತಿತ್ತು, ಟಿಕೆಟ್ಟಿಲ್ಲದ ಪ್ರಯಾಣಿಕರ ಹಾಗೆ. ಶಿರಸಿಯಲ್ಲಿ ಓದುತ್ತಿದ್ದ ಅರ್ಧ ಮಕ್ಕಳ ಹೊಟ್ಟೆ ಆ ಬಸ್ಸು ಕೆಟ್ಟು ನಿಲ್ಲದಿರುವುದನ್ನು ನಂಬಿಕೊಂಡಿತ್ತು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದ ತುಂಬಿದ ಕ್ಯಾರಿಯರ್ ತರುವ ಕೆಲಸ ಅಕ್ಕನದು. ತೊಳೆದು ಸಂಜೆ ಬಸ್ಸಿಗೆ ವಾಪಸ್ ಕೊಡುವುದು ನನ್ನದು. ಅಂದರೆ ದಿನಕ್ಕೊಮ್ಮೆಯಾದರೂ ಅದು ಅವಳ ಕೈಯಿಂದ ನನ್ನ ಕೈಗೆ ಬರಲೇಬೇಕು. ಮಾತು ಬಿಟ್ಟಿದ್ದರೂ.

ನಾವು ಮಾತು ಬಿಡುತ್ತಿದ್ದದ್ದು ಬಹಳ. ಮಾತು ಬಿಡುವುದು ನಮ್ಮ ಕಡೆ ಬಾಯಿಪಾಠದ ಹಾಗೆ ಎಳವೆಯಿಂದಲೇ ಬರುವ ವಿದ್ಯೆ. ಹಿಸ್ಸೆಯಾಗಿ ಬೇರೆಯಾದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು, ಬಡಿಸುವವರ ಮೂಲಕ ಒಬ್ಬರಿಗೊಬ್ಬರು ಉತ್ತರ ಕೊಡುವುದನ್ನು ನೋಡಿ ಬೆಳೆದವರು ನಾವು. ದೊಡ್ಡವರಿಗಾದರೆ ಇದರಿಂದ ಹೊರಬರಲು ಕವಳದ ತಬಕು ಇದೆ. ಒಬ್ಬ ಅದನ್ನು ಸುಮ್ಮನೆ ಇತ್ತ ಸರಿಸುತ್ತಾನೆ, ಇನ್ನೊಬ್ಬ ಸುಮ್ಮನೆ ಒಂದು ವೀಳ್ಯದೆಲೆ ಎತ್ತಿಕೊಳ್ಳುತ್ತಾನೆ. ಜಗಳ ಮುಗಿಯಿತು. ಕ್ಷಮೆ ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಎಲೆ ಅಡಿಕೆ ತಿನ್ನದ ಮಕ್ಕಳು ಏನು ಮಾಡಬೇಕು?

ನಮಗೆ ಕ್ಯಾರಿಯರ್ ಇತ್ತು. ಜೊತೆಗೆ ಪಕ್ಕದ ರೂಮಿನ ನಾಗವೇಣಿ ಇದ್ದಳು.

ನಾಗವೇಣಿ ಸಿದ್ದಾಪುರ ತಾಲೂಕಿನ ನಿಲ್ಕುಂದದವಳು, ನನ್ನ ಕ್ಲಾಸು. ಅವಳ ಊರಿಂದ ದಿನಾ ಕ್ಯಾರಿಯರ್ ಬರುವಷ್ಟು ಬಸ್ಸಿರಲಿಲ್ಲ. ತಾನೇ ಸ್ಟೋವ್ ಹಚ್ಚಿ ಅನ್ನ ಮಾಡಿಕೊಳ್ಳುತ್ತಿದ್ದಳು. ನಾವು ಮಾತು ಬಿಟ್ಟ ದಿನ ಮಧ್ಯೆ ಕೂತು ಸುದ್ದಿ ಮುಟ್ಟಿಸುವ ಕೆಲಸ ಅವಳ ತಲೆಗೆ ಬರುತ್ತಿತ್ತು.

"ನಾಗವೇಣಿ, ಅಕ್ಕಂಗೆ ಹೇಳು, ಮಜ್ಜಿಗೆ ಪೂರಾ ಸುರ್ಕಳದು ಬ್ಯಾಡ ಹೇಳಿ."

"ಅಕ್ಕ ಇಲ್ಲೇ ಕೂತದೆ. ಕಿವಿಯೂ ಅದೆ. ನೀನೇ ಹೇಳು ಮಾರಾಯ್ತಿ. ನಾನೇನು ನಿಮ್ಮನೆ ಪೋಸ್ಟ್‌ಮ್ಯಾನಾ?"

ಹೀಗೆ ಬೈಯುತ್ತಲೇ ಹೇಳುತ್ತಿದ್ದಳು. ಹೇಳುವಾಗ ತನ್ನದೂ ನಾಲ್ಕು ಮಾತು ಸೇರಿಸುತ್ತಿದ್ದಳು. ಕೊನೆಗೆ ನಾವಿಬ್ಬರೂ ಸೇರಿ ಅವಳ ಮೇಲೆ ಹರಿಹಾಯುತ್ತಿದ್ದೆವು. ಅಲ್ಲಿಗೆ ನಮ್ಮ ಜಗಳ ಮುಗಿದಿರುತ್ತಿತ್ತು.

ಈ ಕತೆಯನ್ನು ನಾನು ವರ್ಷಗಟ್ಟಲೆ ಬಹಳ ಚಂದ ಮಾಡಿ ಹೇಳಿಕೊಂಡು ಬಂದಿದ್ದೇನೆ. ನಮ್ಮಮ್ಮ, ಆಯಿ, ಬೇಕೆಂದೇ ಒಂದೇ ಕ್ಯಾರಿಯರ್ ಕಳಿಸುತ್ತಿದ್ದಳು, ಹಂಚಿಕೊಂಡು ತಿನ್ನಲಿ, ಸಿಟ್ಟು ಇಳಿಯಲಿ ಎಂದು. ಎಂಥ ಹಳ್ಳಿಯ ಜಾಣ್ಮೆ, ಎಂಥ ಮನಶ್ಶಾಸ್ತ್ರ. ಹೀಗೆ ಬರೆದರೆ ಅಂಕಣಕ್ಕೆ ಒಪ್ಪುತ್ತದೆ, ಓದುಗರಲ್ಲಿ ಇಬ್ಬರಾದರೂ ಕಣ್ಣೊರೆಸಿಕೊಳ್ಳುತ್ತಾರೆ. ಒಮ್ಮೆ ಆಯಿಯನ್ನೇ ಕೇಳಿದೆ. "ಮನೇಲಿ ಇನ್ನೊಂದು ಕ್ಯಾರಿಯರ್ ಇತ್ತಿಲ್ಲೆ" ಎಂದಳು.

ಇನ್ನೂ ಒಂದಿದೆ. ಮಾತು ಬಿಟ್ಟ ದಿನಗಳಲ್ಲಿ ಅಕ್ಕ ಕೊನೆಯ ಮಾವಿನಮಿಡಿಯನ್ನು ಡಬ್ಬಿಯ ನನ್ನ ಬದಿಗೆ ಸರಿಸಿ ಏಳುತ್ತಿದ್ದಳು. ಅದೇ ಅವಳ ರಾಜಿಯ ಸೂಚನೆ ಎಂದು ನಾನು ಇಷ್ಟು ಕಾಲ ನಂಬಿದ್ದೆ. ಕಳೆದ ವರ್ಷ ಅವಳೆದುರು ಭಾವುಕಳಾಗಿ ಹೇಳಿದರೆ, "ಯಂಗೆ ಹಲ್ಲುನೋವಿತ್ತು ಮಾರಾಯ್ತಿ, ಹುಳಿ ತಿಂದ್ರೆ ಜೀವ ಹೋಗ್ತಿತ್ತು" ಎಂದಳು. ಆ ಮಿಡಿಯನ್ನು ಕೊನೆಗೆ ತಿನ್ನುತ್ತಿದ್ದವಳು ನಾಗವೇಣಿ ಎಂಬಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತ.

ಇರಲಿ. ಇದೆಲ್ಲ ಈಗ ನೆನಪಾಗಲು ಕಾರಣ ಅಕ್ಕನ ಮಗ ಸುಹಾಸ.

ಅಕ್ಕ ಪಿಯುಸಿ ಮುಗಿಯುತ್ತಿದ್ದಂತೆ ಮದುವೆಯಾಗಿ ಯಲ್ಲಾಪುರ ತಾಲೂಕಿನ ಉಮ್ಮಚಗಿಗೆ ಹೋದಳು. ಇಬ್ಬರು ಮಕ್ಕಳು. ಮಗಳು ಸ್ಮಿತಾ ಈ ವರ್ಷ ಪಿಯುಸಿಗೆ ಸೇರಿದಳು, ಮಗ ಸುಹಾಸ ಒಂಬತ್ತನೇ ಕ್ಲಾಸು. ಇಬ್ಬರೂ ಮನೆಯಲ್ಲಿದ್ದಾಗ ಅಲ್ಲಿ ನಡೆಯುತ್ತಿದ್ದದ್ದು ಒಂದೇ ಕಾರ್ಯಕ್ರಮ. ಬ್ಯಾಟು ಯಾರದು, ಕಿಟಕಿ ಪಕ್ಕದ ಕುರ್ಚಿ ಯಾರದು, ದೋಸೆಯಲ್ಲಿ ಮೊದಲನೆಯದು ಯಾರಿಗೆ. ಜಡೆ ಎಳೆಯುವುದು, ಬೆನ್ನಿಗೆ ಗುದ್ದುವುದು, ಬಾಗಿಲು ಹಾಕಿಕೊಳ್ಳುವುದು. ಅರ್ಧ ಗಂಟೆ ಬಿಟ್ಟು ಅದೇ ಬಾಗಿಲ ಹಿಂದೆ ಇಬ್ಬರೂ ಸೇರಿ ನಗುವುದು.

ಭಾವ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಈಗ ಎಲ್ಲರೂ ಕಂಡುಹಿಡಿಯುವ ಪರಿಹಾರವೇ. ಸ್ಮಿತಾಳನ್ನು ಘಟ್ಟದ ಕೆಳಗಿನ ಒಂದು ಹಾಸ್ಟೆಲ್ ಕಾಲೇಜಿಗೆ ಹಾಕಿದರು. ಅವಳಿಗೆ ಸಿಇಟಿ, ಇವನಿಗೆ ಶಾಂತಿ. "ಜಗಳ ಆಡಲೆ ಜನ ಇಲ್ಲೆ ಅಂದ್ರೆ ಓದ್ತ" ಎಂಬುದು ಭಾವನ ಲೆಕ್ಕಾಚಾರ. ಅಕ್ಕನೂ ಹೂಂ ಎಂದಳು. ಅಕ್ಕ ಓದಿದ್ದ ಶಿರಸಿಯ ಅದೇ ಕಾಲೇಜಿಗೆ ಸೇರಿಸಿದ್ದರೆ ದಿನಾ ಬಸ್ಸಿಗೆ ಹೋಗಿಬರಬಹುದಿತ್ತು, ಅಲ್ಲವಾ ಎಂದು ನಾನು ಕೇಳಿದ್ದಕ್ಕೆ, "ನಿನ್ನ ಕಾಲ ಮುಗತ್ತು" ಎಂಬ ಉತ್ತರ ಸಿಕ್ಕಿತು.

ಶಾಂತಿ ಬಂತು. ಎಂಥ ಶಾಂತಿ ಎಂದರೆ, ಗೋಡೆ ಗಡಿಯಾರದ ಸದ್ದು ಅಡುಗೆ ಮನೆಗೆ ಕೇಳತೊಡಗಿತು.

ಸುಹಾಸ ಮೊದಲು ಮಾತು ಕಡಿಮೆ ಮಾಡಿದ. ಅದನ್ನು ಏಕಾಗ್ರತೆ ಎಂದುಕೊಂಡರು. ಊಟ ಕಡಿಮೆ ಮಾಡಿದ. ಬೆಳೆಯುವ ವಯಸ್ಸು, ಸ್ಟೈಲು ಎಂದುಕೊಂಡರು. ಆಮೇಲೊಂದು ದಿನ ಶಾಲೆಯ ವಾಲಿಬಾಲ್ ಮೈದಾನದಲ್ಲಿ ತನ್ನ ಜೀವದ ಗೆಳೆಯ ಗಣಪತಿಗೆ ತುಟಿ ಒಡೆಯುವಂತೆ ಹೊಡೆದು ಬಂದ. ಯಾಕೆ ಎಂದು ಯಾರು ಕೇಳಿದರೂ "ಎಂತೂ ಆಜಿಲ್ಲೆ" ಎಂದ. ಗಣಪತಿ ಇವನ ಜೊತೆ ಬರುವುದನ್ನು ಬಿಟ್ಟ. ಉಳಿದ ಹುಡುಗರು ಗಣಪತಿಯ ಬದಿಗೆ ಹೋದರು. ಇವನು ಶಾಲೆಯಿಂದ ಒಬ್ಬನೇ ನಡೆದು ಬರತೊಡಗಿದ. ಒಂದು ಬೆಳಿಗ್ಗೆ, ಶಾಲೆಗೆ ಇನ್ನು ಹೋಗುವುದಿಲ್ಲ ಎಂದು ಚೀಲ ಮೂಲೆಗಿಟ್ಟು ಕೂತ.

ಆಗ ಅಕ್ಕನ ಫೋನು ಬಂತು. "ಮಾಣಿ ಶಾಲೆ ಬಿಡ್ತೆ ಹೇಳ್ತ. ನೀನು ಎಂ.ಎ. ಮಾಡಿದ್ದೆ ಅಲ್ದ, ಬಾ ಒಂದ್ಸಲ."

ನನ್ನ ಎಂ.ಎ. ಇತಿಹಾಸದಲ್ಲಿ. ಸಾಕ್ಷಿ ಇಲ್ಲದೆ ಯಾವ ಮಾತನ್ನೂ ನಂಬಬೇಡ ಎಂದು ಕಲಿಸಿ ಕಳಿಸಿದ ವಿಷಯ ಅದು. ಕದಂಬರ ಬಗ್ಗೆ ಕೇಳಿದರೆ ಏನಾದರೂ ಹೇಳಿಯೇನು. ಆದರೆ ನಮ್ಮ ಮನೆಗಳಲ್ಲಿ ಎಂ.ಎ. ಎಂದರೆ ಜ್ವರಕ್ಕೂ ಜಾತಕಕ್ಕೂ ಆಗುವ ಮದ್ದು. ಹೋದೆ.

ಹೇಗೋ ಪುಸಲಾಯಿಸಿ ಒಂದೆರಡು ದಿನ ಅವನನ್ನು ಶಾಲೆಗೆ ಕಳಿಸಿದೆವು. ಅಷ್ಟರಲ್ಲಿ ಅಲ್ಲೇ ಒಂದು ಪಾಲಕರ ವರ್ಕ್‌ಶಾಪ್ ಇತ್ತು. ವಿಷಯ, ಹದಿಹರೆಯದವರ ಭಾವನೆಗಳ ನಿರ್ವಹಣೆ. ಹೊರಗಿನಿಂದ ಬಂದ ತಜ್ಞರೊಬ್ಬರು ಪ್ರಾಜೆಕ್ಟರ್ ತಂದಿದ್ದರು. ಮೊದಲ ಸ್ಲೈಡಿನಲ್ಲಿ ಒಂದು ಮಿದುಳಿತ್ತು. ಎರಡನೆಯದಕ್ಕೆ ಹೋಗುವ ಮೊದಲೇ ಕರೆಂಟು ಹೋಯಿತು. ಮಿದುಳಿಲ್ಲದೆಯೇ ಮುಂದುವರಿಸಿದರು.

ಮಕ್ಕಳನ್ನು ಹೊರಗೆ ಆಡಲು ಕಳಿಸಿದ್ದರು. ಮಕ್ಕಳ ಭಾವನೆಯ ಚರ್ಚೆಯಲ್ಲಿ ಮಕ್ಕಳಿದ್ದರೆ ತೊಂದರೆ ತಾನೇ?

"ನಿಮ್ಮ ಮಗುವಿಗೆ ಸಿಟ್ಟು, ದುಃಖ ಬಂದಾಗ ಅದು ಮೊದಲು ಯಾರ ಹತ್ತಿರ ಹೇಳಿಕೊಳ್ಳುತ್ತದೆ?" ಎಂದು ತಜ್ಞರು ಕೇಳಿದರು. ಅಮ್ಮಂದಿರೆಲ್ಲ ಕೈ ಎತ್ತಿದರು. ಎಲ್ಲರೂ ತಮ್ಮ ಹತ್ತಿರವೇ ಎಂದರು. ಅಕ್ಕನೂ ಕೈ ಎತ್ತಿದಳು. ನಾನು ಅವಳ ಮುಖ ನೋಡಿದೆ. ಅವಳು ಮುಂದಿನ ಸಾಲಿನವರ ಸೀರೆ ನೋಡಿದಳು. (ನಾವು ಯಾವತ್ತಾದರೂ ಆಯಿಯ ಹತ್ತಿರ ಹೋಗಿ 'ಆಯಿ, ನನಗೆ ಸಿಟ್ಟು ಬಂದಿದೆ' ಎಂದು ಹೇಳಿಕೊಂಡದ್ದಿದೆಯೆ? ಹೇಳಿದ್ದರೆ ಸಗಣಿ ಬುಟ್ಟಿ ಕೈಗೆ ಬರುತ್ತಿತ್ತು.)

ಮದ್ದು ಸರಳವಿತ್ತು. ಸಿಟ್ಟು ಬಂದಾಗ ಉಸಿರು ಎಳೆದು ಹತ್ತು ಎಣಿಸಬೇಕು, ನಿಧಾನ ಬಿಡಬೇಕು. ಪಾಲಕರಿಂದಲೂ ಮಾಡಿಸಿದರು. ಭಾವ ಏಳಕ್ಕೆ ಕೆಮ್ಮಿದರು.

ತಜ್ಞರನ್ನು ಬರೀ ತಮಾಷೆ ಮಾಡುವುದೂ ಸರಿಯಲ್ಲ. ಕೊನೆಯಲ್ಲಿ ಅವರು ಒಂದು ಒಳ್ಳೆಯ ಮಾತು ಹೇಳಿದರು. ಈ ವಯಸ್ಸಿನವರು ಸಿಟ್ಟನ್ನು ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಯುವುದು ತಮ್ಮ ಜೊತೆಯವರ ಮೇಲೆಯೇ, ಒಡಹುಟ್ಟಿದವರ ಮೇಲೆ, ಗೆಳೆಯರ ಮೇಲೆ ಎಂದರು. ಅಷ್ಟೊತ್ತಿಗೆ ಕರೆಂಟು ಬಂತು, ಚಹಾವೂ ಬಂತು. ಆ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹತ್ತು ಎಣಿಸುವುದನ್ನು ಎಲ್ಲರೂ ಮನೆಗೆ ಒಯ್ದರು.

ಮನೆಯಲ್ಲಿ ಸುಹಾಸನಿಗೆ ಪಾಠವಾಯಿತು. "ಉಸ್ರು ಎಳಿ. ಎಣಿಸು" ಎಂದರು ಭಾವ. ಹುಡುಗ ಎಳೆದ, ಎಣಿಸಿದ. ಮುಗಿಸಿ ನನ್ನ ಕಡೆ ತಿರುಗಿ, "ಚಿಕ್ಕಿ, ಇಷ್ಟೊತ್ತಿಗೆ ಅಕ್ಕ ಆಗಿದ್ರೆ ಎರಡು ಗುದ್ದಿ ಮುಗದಿರ್ತಿತ್ತು" ಎಂದ.

ಅದು ಆ ವಾರ ಅವನಾಡಿದ ಅತಿ ಉದ್ದದ ವಾಕ್ಯ. ಭಾವ ಅದಕ್ಕೂ ಬೈದರು.

ಮರುದಿನ ಭಾನುವಾರ. ಸ್ಮಿತಾಳ ಹಾಸ್ಟೆಲಿನಿಂದ ವಾರಕ್ಕೊಮ್ಮೆ ಫೋನು, ಹತ್ತು ನಿಮಿಷ. ಮೊಬೈಲು ಅಲ್ಲಿ ನಿಷಿದ್ಧ, ಉಮ್ಮಚಗಿಯಲ್ಲಿ ಅದಕ್ಕೆ ಸಿಗ್ನಲ್ಲೂ ಇಲ್ಲ. ಜಗುಲಿಯ ಲ್ಯಾಂಡ್‌ಲೈನೇ ಗತಿ. ನಾನು ಆ ಹತ್ತು ನಿಮಿಷವನ್ನು ಕಣ್ಣಾರೆ ಕಂಡೆ, ಆದ್ದರಿಂದ ಇಲ್ಲಿ ನನ್ನ ನೆನಪನ್ನು ಸ್ವಲ್ಪ ಧೈರ್ಯದಿಂದ ನಂಬಬಹುದು.

ಭಾವ ರಿಸೀವರ್ ಎತ್ತಿದರು. "ಕೆಮಿಸ್ಟ್ರಿ ಎಷ್ಟು ಬಂಜು?" ಇದು ಮೊದಲ ವಾಕ್ಯ. ಫಿಸಿಕ್ಸ್ ಬಂತು, ಮ್ಯಾಥ್ಸ್ ಬಂತು, ಪಕ್ಕದ ಊರಿನ ಯಾರದೋ ಮಗಳಿಗೆ ಎಷ್ಟು ಎಂಬುದು ಬಂತು. ಆಮೇಲೆ ಅಕ್ಕ. ತಲೆಗೆ ಎಣ್ಣೆ ಹಚ್ಚಿದ್ದೆಯಾ, ಅನ್ನ ಬೆಂದಿರುತ್ತದೆಯಾ, ಬಟ್ಟೆ ಒಣಗುತ್ತದೆಯಾ. ಸುಹಾಸ ಬಾಗಿಲ ಬಳಿ ನಿಂತು ಸೈಕಲ್ ಪಂಪನ್ನು ಬಿಚ್ಚಿ ಕೂಡಿಸುತ್ತಿದ್ದ. ಬಿಚ್ಚುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಇವಂಗೆ ಕೊಡ್ತ್ರಿಲ್ಯ?" ಎಂದು ಭಾವನನ್ನು ಕೇಳಿದೆ.

"ಇವಂಗೆಂತಕೆ? ಕೊಟ್ರೆ ಬರೀ ಜಗಳ. ಹೋದ ತಿಂಗಳು ಕೊಟ್ಟಾಗ ಮಾರ್ಕ್ಸು ಕೇಳಲೂ ಟೈಮ್ ಉಳಿದಿಲ್ಲೆ."

ಓಹೋ. ಅಂದರೆ ಒಂದು ತಿಂಗಳಿಂದ ತನ್ನ ಅಕ್ಕನ ಧ್ವನಿಯನ್ನು ಈ ಹುಡುಗ ಬಾಗಿಲಲ್ಲಿ ನಿಂತು ರಿಸೀವರಿನ ಹೊರಗಿನಿಂದ ಕೇಳುತ್ತಿದ್ದಾನೆ.

ಅಕ್ಕನ ಸರದಿ ಮುಗಿದ ಮೇಲೆ ರಿಸೀವರ್ ನನ್ನ ಕೈಗೆ ಬಂತು. ಅತಿಥಿಗೆ ಮರ್ಯಾದೆ. ನಾನು ಸ್ಮಿತಾಳಿಗೆ "ತಡಿ" ಎಂದಷ್ಟೇ ಹೇಳಿ ಅದನ್ನು ಸುಹಾಸನ ಕೈಗಿಟ್ಟೆ.

"ಏ, ನನ್ನ ಬ್ಯಾಟ್ ಎಲ್ಲಿಟ್ಟಿಕ್ಕಿ ಹೋಜೆ?"

ನಮಸ್ಕಾರವಿಲ್ಲ, ಹೇಗಿದ್ದೀಯ ಇಲ್ಲ. ಅತ್ತ ಕಡೆಯ ಧ್ವನಿ ನಮಗೂ ಕೇಳುವಷ್ಟು ದೊಡ್ಡದಿತ್ತು. "ನಿನ್ನ ಬ್ಯಾಟಾ? ಅದು ನಂದು. ನಿಂಗೆ ಆಡಲೆ ಎಲ್ಲಿ ಬತ್ತು?"

"ಕಳ್ಳಿ."

"ಹೆಡ್ಡ."

ಭಾವ ಗಡಿಯಾರ ನೋಡಿದರು. ಅಕ್ಕ ನನ್ನನ್ನು ನೋಡಿದಳು. ಕಳ್ಳಿ, ಹೆಡ್ಡ ಮತ್ತೆ ಕೆಲವು ಸುತ್ತು ಹೋಗಿಬಂತು. ಬಳಿಕ ಸುಹಾಸ ಗೋಡೆಯ ಕಡೆ ತಿರುಗಿ ನಿಂತ. ಸಣ್ಣ ದನಿಯಲ್ಲಿ, "ಅಕ್ಕ, ಆನು ಗಣಪತಿಗೆ ಹೊಡ್ದಿ" ಎಂದ.

"ಎಂತಕ್ಕೆ?"

"ನಿನ್ನ ಅಕ್ಕ ಹೋದಮೇಲೆ ನೀನು ಹೆಂಗಸ್ರ ಹಂಗೆ ಮುಖ ಮಾಡ್ಕಂಡಿದ್ದೆ ಅಂದ. ಹೊಡ್ದಿ. ನಿಲ್ಸಲೆ ಗೊತ್ತಾಜಿಲ್ಲೆ."

ಹೆಡ್‌ಮಾಸ್ತರರು ಕೇಳಿದಾಗ, ಭಾವ ಕೋಲು ಹಿಡಿದು ಕೇಳಿದಾಗ, ಅಕ್ಕ ಅತ್ತು ಕೇಳಿದಾಗ, ಎಂ.ಎ. ಮಾಡಿದ ಚಿಕ್ಕಿ ಜಾಣತನದಿಂದ ಕೇಳಿದಾಗ ಹೊರಗೆ ಬರದ ಮಾತು. ಕಳ್ಳಿ, ಹೆಡ್ಡ ಎಂಬ ಎರಡು ಮೆಟ್ಟಿಲು ಹತ್ತಿದ್ದೇ ತಡ, ಬಂದುಬಿಟ್ಟಿತು.

ಸ್ಮಿತಾ ಹೇಳಿದಳು. "ಥೋ ಹೆಡ್ಡ. ನಾಳೆ ಶಾಲೆ ಬಿಟ್ಟ ಕೂಡ್ಲೆ ಹೋಗಿ ಅವನ ಸೈಕಲ್ ಹಿಂದೆ ಕೂತ್ಕ. ಎಂತೂ ಮಾತಾಡುದು ಬ್ಯಾಡ. ಕೂತ್ಕ, ಸಾಕು."

"ಇಳಿ ಅಂದ್ರೆ?"

"ಅಂದ್ರೆ ಇಳಿ. ನಾಡಿದ್ದು ಮತ್ತೆ ಕೂತ್ಕ."

ಹಾಸ್ಟೆಲಿನ ಗಂಟೆ ಹೊಡೆಯಿತು. ಲೈನು ಹೋಯಿತು.

ಯಾವ ಸ್ಲೈಡಿನಲ್ಲಿ ಇದೆ ಇದು? ಹದಿನಾರರ ಹುಡುಗಿ, ಕವಳದ ತಬಕಿಲ್ಲದ ವಯಸ್ಸಿನವರಿಗೆ ಸೈಕಲ್ಲಿನ ಕ್ಯಾರಿಯರನ್ನು ಹುಡುಕಿ ಕೊಟ್ಟಿದ್ದಳು. ಕ್ಷಮೆ ಕೇಳಬೇಕಾಗಿಲ್ಲ, ಭಾಷಣ ಬೇಕಾಗಿಲ್ಲ. ಒಬ್ಬ ಕೂತು ಇನ್ನೊಬ್ಬ ತುಳಿದರೆ ಆಯಿತು.

"ಪೂರಾ ಜಗಳಕ್ಕೇ ಹೋತು" ಎಂದು ಭಾವ ಎದ್ದರು. ಸುಹಾಸ ಅವತ್ತು ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡ. ಅದನ್ನು ನೋಡಿದವಳು ನಾನೊಬ್ಬಳೇ ಎಂದು ನನ್ನ ನೆನಪು. ಅಕ್ಕ ತಾನೂ ನೋಡಿದೆ ಎನ್ನಬಹುದು. ಒಪ್ಪಿಕೊಳ್ಳುತ್ತೇನೆ.

ನಾನು ಶಿರಸಿಗೆ ಮರಳಿದೆ. ವಾರದ ಮಧ್ಯೆ ಅಕ್ಕನ ಫೋನು. ದನಿಯಲ್ಲಿ ಹಬ್ಬ.

"ಮಾಣಿ ಶಾಲೆಗೆ ಹೋಗ್ತಾ ಇದ್ದ ನೋಡು. ನಿನ್ನೆ ಗಣಪತಿ ಸೈಕಲ್ ಮೇಲೆ ಬಂದ. ಮೊದಲ್ನೆ ದಿನ ಇಳಿಸಿಕ್ಕಿ ಹೋದ್ನಡ, ನಿನ್ನೆ ಇಳಿಸಿದ್ನಿಲ್ಲೆ. ಆ ವರ್ಕ್‌ಶಾಪ್ ಚೊಲೋ ಕೆಲಸ ಮಾಡ್ತು. ಉಸ್ರಾಟದ್ದು ದಿನಾ ಮಾಡಸ್ತಾ ಇದ್ದಿ."

ನಾನು ಉಸಿರು ಎಳೆದುಕೊಂಡೆ. ಹತ್ತು ಎಣಿಸಿದೆ. ತಜ್ಞರಿಗೆ ನ್ಯಾಯ ಸಲ್ಲಬೇಕು, ಆ ಉಪಾಯ ದೊಡ್ಡವರಿಗೆ ಸ್ವಲ್ಪ ಕೆಲಸ ಮಾಡುತ್ತದೆ.

"ಈ ಭಾನುವಾರ ಸುಹಾಸಂಗೆ ಫೋನ್ ಕೊಡ್ತ್ರಾ?" ಎಂದೆ.

"ಈ ವಾರ ಬ್ಯಾಡ ಅಂದ್ರು ನಿನ್ನ ಭಾವ. ಸ್ಮಿತಂಗೆ ಟೆಸ್ಟ್ ಇದ್ದು. ಇವನೂ ಈಗ ಸಮಾ ಆಜ ಅಲ್ದ, ಇನ್ನೆಂತಕೆ?"

ಜ್ವರ ಇಳಿಯಿತು, ಇನ್ನು ಮದ್ದೇಕೆ? ಬರುವ ವರ್ಷ ಹುಡುಗ ಎಸ್ಸೆಸ್ಸೆಲ್ಸಿ. ಅದಾದ ಮೇಲೆ ಅವನಿಗೂ ಯಾವುದೋ ಹಾಸ್ಟೆಲು ನೋಡಿಟ್ಟಿದ್ದಾರೆ, ಪಿಯುಸಿ ಮುಗಿಸಿ ಸ್ಮಿತಾ ಹೋಗುವ ಊರಿನದಲ್ಲದ್ದನ್ನು. ಒಂದೇ ಕಡೆ ಹಾಕಿದರೆ ಮತ್ತೆ ಜಗಳವಂತೆ. ಮತ್ತೊಬ್ಬ ಗಣಪತಿಗೆ ಹೊಡೆದು ಬಂದ ದಿನ, ಸೈಕಲ್ ಹಿಂದೆ ಕೂತ್ಕ ಎನ್ನಲು ಇವನಿಗೆ ಯಾರಿರುತ್ತಾರೆ? ಗೆಳೆಯರಿರುತ್ತಾರಲ್ಲ ಎನ್ನಬಹುದು, ಆದರೆ ಗೆಳೆಯ ಸಿಟ್ಟಾದರೆ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳಬಲ್ಲ. ನಾಗವೇಣಿಗೂ ಅವಳದೊಂದು ಬಾಗಿಲಿತ್ತು. ಅಕ್ಕನಿಗೂ ನನಗೂ ಇರಲಿಲ್ಲ. ಇದ್ದದ್ದು ಒಂದು ಕ್ಯಾರಿಯರು. ಮುನಿಸಿಕೊಂಡು ಎಷ್ಟು ದೂರ ಹೋಗಬಹುದು ಎಂಬುದು ನಮಗೆ ಗೊತ್ತಾದದ್ದು ಹಾಗೆ, ಹಸಿವಾಗುವಷ್ಟು ದೂರ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಇಷ್ಟು ಜೋಡಿಸಿ ಅಲ್ಲ, ಸಿಟ್ಟಿನಲ್ಲಿ ಒಡೆದೊಡೆದು ಹೇಳಿದೆ. ಭಾವ ಒಪ್ಪುವುದು ಬಿಡುವುದು ಬೇರೆ, ರಿಸೀವರ್ ಕೊನೆಗೆ ಇರುವುದು ನಿನ್ನ ಕೈಯಲ್ಲಿ, ನೀನು ಕೊಡಬಹುದು ಎಂದೆ.

"ನಂಗಳ ಕಾಲದಲ್ಲಿ ಫೋನ್ ಎಲ್ಲಿತ್ತು?" ಎಂದಳು ಅಕ್ಕ. "ಮದುವೆ ಆಗಿ ಬಂದಮೇಲೆ ನಿನ್ನ ದನಿ ಕೇಳಲೆ ಯಂಗೆ ಹಬ್ಬ ಬರವಾಗಿತ್ತು. ಆನು ದೊಡ್ಡ ಆಜ್ನಿಲ್ಯ? ಎಂತಾತು ಯಂಗೆ?"

ಅವಳಿಗೆ ಆಗ ಹದಿನೆಂಟು ಇರಬೇಕು, ಹತ್ತೊಂಬತ್ತೂ ಇರಬಹುದು. ಗುರುತಿಲ್ಲದ ಮನೆ, ಎಲ್ಲರೂ ಹಿರಿಯರು, ಎಲ್ಲರ ಎದುರೂ ತಗ್ಗಿದ ದನಿ. ನಾನಿಲ್ಲಿ ರೂಮಿನಲ್ಲಿ ತುಂಬಿದ ಕ್ಯಾರಿಯರ್ ಮುಂದೆ ಒಬ್ಬಳೇ ಕೂತು, ಅಕ್ಕ ಹೋಗಿ ಆರಾಮಾದಳು ಎಂದುಕೊಂಡಿದ್ದೆ. ಆ ಕಡೆಯಿಂದ ಈ ಕತೆಯನ್ನು ನಾನು ಯಾವತ್ತೂ ನೋಡಿರಲಿಲ್ಲ ಎಂಬುದು ಆ ಫೋನು ಕಿವಿಯಲ್ಲಿದ್ದಾಗ ಹೊಳೆಯಿತು.

ಒಂದು ಪ್ರಶ್ನೆ ಕೇಳಿದೆ. ಅತ್ತ ಕಡೆ ಗೋಡೆ ಗಡಿಯಾರದ ಸದ್ದು ಬಂತು, ಆಮೇಲೆ "ಹಾಲು ಉಕ್ತಾ ಇದ್ದು" ಎಂದು ಫೋನಿಟ್ಟಳು. ಈ ಭಾನುವಾರವೂ ಬರುತ್ತಿದೆ, ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕ, ಮದುವೆಯಾಗಿ ಹೋದ ಆ ವರ್ಷ ನಿಂಗೆ ಸಿಟ್ಟು ಬಂದಾಗ ಯಾರ ಹತ್ರ ಜಗಳ ಆಡ್ತಿದ್ದೆ?"